ಹೃದಯ ಸ್ನಾಯುವಿನ ಜೀನ್ ಪ್ಯಾನೆಲ್: ಮೊದಲು ರಕ್ತ ಕೊಡಬೇಕಾದವರು ಯಾರು?

ಮನೆಯಲ್ಲಿ ಒಬ್ಬರಿಗೆ ‘ಹೃದಯದ ಗೋಡೆ ದಪ್ಪ ಇದೆ, ಇದು ವಂಶದಲ್ಲಿ ಬರೋದು’ ಎಂದು ಡಾಕ್ಟರು ಹೇಳಿದರೆ ಸಾಕು, ಆ ವಾರದಲ್ಲೇ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಲಿಂಕ್ ಬಂದು ಬೀಳುತ್ತದೆ. ಜೀನ್ ಟೆಸ್ಟ್, ಮನೆಗೇ ಬಂದು ರಕ್ತ ತೆಗೆದುಕೊಳ್ಳುತ್ತಾರೆ, ಕೆಲವು ವಾರಗಳಲ್ಲಿ ರಿಪೋರ್ಟ್. ಮೊದಲು ತೋಳು ಚಾಚುವವರು ಸಾಮಾನ್ಯವಾಗಿ ಮನೆಯಲ್ಲಿ ಹೆಚ್ಚು ಹೆದರಿದವರು, ಅಂದರೆ ಏನೂ ಆಗದೆ ಗಟ್ಟಿಮುಟ್ಟಾಗಿರುವ ತಮ್ಮನೋ ಮಗನೋ. ಐದಂಕಿಯ ಬಿಲ್ಲು ಕಟ್ಟಿ, ‘ಏನೂ ಕಂಡುಬಂದಿಲ್ಲ’ ಎಂಬ ಕಾಗದ ಹಿಡಿದು ನೆಮ್ಮದಿಯಾಗಿ ಮಲಗುತ್ತಾರೆ. ಆ ಕಾಗದಕ್ಕೆ ಬೆಲೆಯಿಲ್ಲ. ನೀರಲ್ಲಿ ಹೋಮ ಮಾಡಿದ ಹಾಗೆ.

ಇಲ್ಲಿ ವಿಮರ್ಶೆ ಮಾಡುತ್ತಿರುವುದು ಯಾವುದೋ ಒಂದು ಲ್ಯಾಬನ್ನಲ್ಲ. ‘ಕಾರ್ಡಿಯೋಮಯೋಪತಿ ಪ್ಯಾನೆಲ್’ ಎಂಬ ಹೆಸರಿನಲ್ಲಿ ಹಲವು ಲ್ಯಾಬುಗಳು ಮಾರುವ ಸೇವೆಯನ್ನು, ಅದೂ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಇರುವ ಕುಟುಂಬಗಳ ಮಟ್ಟಿಗೆ. ಆಸ್ಪತ್ರೆಯವರು ಎಚ್‌ಸಿಎಂ ಎನ್ನುತ್ತಾರೆ. ಬಿಪಿಯಾಗಲಿ ಕವಾಟದ ತೊಂದರೆಯಾಗಲಿ ಇಲ್ಲದೆ ಎಡ ಹೃತ್ಕುಕ್ಷಿಯ ಸ್ನಾಯು ತಾನಾಗಿ ದಪ್ಪಗಾಗುವ ಕಾಯಿಲೆ ಇದು. ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡ್‌ನಲ್ಲಿ, ಕಾಣುವ ಮಟ್ಟದ್ದೇ ಸುಮಾರು 500 ಜನರಿಗೆ ಒಬ್ಬರಂತೆ ಇದೆ. ತಂದೆ ಅಥವಾ ತಾಯಿಯಲ್ಲಿ ಜೀನ್ ದೋಷವಿದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಾಧ್ಯತೆ ಶೇ. 50. ಗಂಡು ಹೆಣ್ಣೆಂಬ ಭೇದವಿಲ್ಲ. ಗಂಡುಮಕ್ಕಳನ್ನು ಮಾತ್ರ ಪರೀಕ್ಷೆಗೆ ಕರೆದೊಯ್ದು, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನೇ ಎತ್ತದ ಮನೆಗಳು ಅರ್ಧ ಕುಟುಂಬವನ್ನು ಕತ್ತಲಲ್ಲಿ ಬಿಟ್ಟಂತೆ.

ಪ್ಯಾನೆಲ್ ಅಂದರೆ ಹಲವು ಜೀನ್‌ಗಳನ್ನು ಒಟ್ಟಿಗೆ ಅಕ್ಷರಕ್ಕಕ್ಷರ ಓದುವುದು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಎರಡು ನಾಲ್ಕು ಎಂಎಲ್ ರಕ್ತ ಸಾಕು, ಉಪವಾಸ ಬೇಡ. ಉಗುಳಿನ ಕಿಟ್ ಆದರೆ ಅರ್ಧ ಗಂಟೆ ಮೊದಲಿನಿಂದ ಊಟ, ಕಾಫಿ, ಎಲೆ ಅಡಿಕೆ ಯಾವುದೂ ಬಾಯಿಗೆ ಹಾಕಬಾರದು. ಗೆರೆಯವರೆಗೆ ತುಂಬಬೇಕಾದದ್ದು ಉಗುಳು, ನೊರೆಯಲ್ಲ. ನೊರೆ ತುಂಬಿ ಕಳಿಸಿದ ಕಿಟ್‌ನಲ್ಲಿ ಡಿಎನ್‌ಎ ಸಾಲದೆ ‘ಸ್ಯಾಂಪಲ್ ಮತ್ತೆ ಕೊಡಿ’ ಎಂಬ ಫೋನ್ ಬರುತ್ತದೆ. ಆಯ್ಕೆ ಇದ್ದರೆ ರಕ್ತವನ್ನೇ ಕೊಡಿ.

ಈಗ ಕ್ರಮದ ಮಾತು. ಮೊದಲ ಸ್ಯಾಂಪಲ್ ಕಾಯಿಲೆ ಖಚಿತವಾಗಿರುವವರದ್ದೇ ಆಗಬೇಕು. ಒಬ್ಬರಿಗಿಂತ ಹೆಚ್ಚು ಜನರಿಗೆ ಇದ್ದರೆ, ಚಿಕ್ಕ ವಯಸ್ಸಿನಲ್ಲಿ ಬಂದವರದು ಅಥವಾ ಗೋಡೆ ಹೆಚ್ಚು ದಪ್ಪ ಇರುವವರದು. ಕಾರಣ ಸರಳ. ಎಚ್‌ಸಿಎಂ ಖಚಿತವಾದವರಲ್ಲೂ ಅರ್ಧದಷ್ಟು ಮಂದಿಗೆ ಈ ಟೆಸ್ಟಿನಲ್ಲಿ ಕಾರಣ ಸಿಗುವುದೇ ಇಲ್ಲ. ಕಾಯಿಲೆ ಇರುವ ಅಣ್ಣನ ದೋಷ ಯಾವುದೆಂದು ಗೊತ್ತಿಲ್ಲದೆ ತಮ್ಮನ ರಕ್ತದಲ್ಲಿ ಹುಡುಕಿ ‘ಇಲ್ಲ’ ಎಂದರೆ, ತಮ್ಮನಿಗೆ ದೋಷ ಬಂದಿಲ್ಲ ಎಂದೂ ಆಗಬಹುದು, ಈ ಮನೆಯ ದೋಷ ಟೆಸ್ಟಿನ ಬಲೆಗೆ ಬೀಳುವ ಜಾತಿಯದಲ್ಲ ಎಂದೂ ಆಗಬಹುದು. ಎರಡನ್ನೂ ಬೇರ್ಪಡಿಸಲು ದಾರಿಯಿಲ್ಲ.

ಅಣ್ಣನಲ್ಲಿ ದೋಷ ಸಿಕ್ಕಿದ ಮೇಲೆ ಆಟದ ನಿಯಮವೇ ಬದಲಾಗುತ್ತದೆ. ಉಳಿದವರಿಗೆ ಇಡೀ ಪ್ಯಾನೆಲ್ ಬೇಡ, ಆ ಒಂದು ಜಾಗವನ್ನು ಮಾತ್ರ ನೋಡುವ ಸ್ಯಾಂಗರ್ ಪರೀಕ್ಷೆ ಸಾಕು. ಖರ್ಚು ಪ್ಯಾನೆಲ್‌ನ ಒಂದು ಭಾಗ ಮಾತ್ರ. ಆಗ ಬರುವ ‘ಇಲ್ಲ’ ನಿಜವಾದ ‘ಇಲ್ಲ’. ಆ ವ್ಯಕ್ತಿಗೆ ವರ್ಷ ವರ್ಷ ಎಕೋ ಬೇಡ, ಅವರ ಮಕ್ಕಳಿಗೂ ಬೇಡ. ಈ ಸೇವೆಯ ಅಸಲು ಮಾಲು ಇದೇ. ಎಚ್‌ಸಿಎಂ ಎಂದೇ ಖಚಿತವಾದವರ ಚಿಕಿತ್ಸೆಯನ್ನು ಜೀನ್ ರಿಪೋರ್ಟ್ ಹೆಚ್ಚೇನೂ ಬದಲಿಸುವುದಿಲ್ಲ. ಕಾಯಿಲೆ ಬಾರದವರನ್ನು ಸರದಿಯಿಂದ ಬಿಡಿಸಿ ಮನೆಗೆ ಕಳಿಸುತ್ತದೆ. ‘ಅಪಾಯ ತಿಳಿಯಿರಿ’ ಎಂಬ ಜಾಹೀರಾತಿನಲ್ಲಿ ಈ ಮಾತು ಕಾಣುವುದಿಲ್ಲ.

ಕೊಳ್ಳುವ ಮುನ್ನ ಲ್ಯಾಬಿನವರನ್ನು ಕೇಳಬೇಕಾದದ್ದು ಜೀನ್‌ಗಳ ಸಂಖ್ಯೆಯನ್ನಲ್ಲ. ‘150 ಜೀನ್, 200 ಜೀನ್’ ಎಂದು ಬೋರ್ಡು ಹಾಕಿದರೆ ದೊಡ್ಡ ಥಾಲಿಯ ಆಕರ್ಷಣೆ, ಅಷ್ಟೆ. ಎಚ್‌ಸಿಎಂನ ಮೂಲ ಪಟ್ಟಿ ಎಂಟು: ಎಂವೈಬಿಪಿಸಿ3, ಎಂವೈಎಚ್7, ಟಿಎನ್‌ಎನ್‌ಟಿ2, ಟಿಎನ್‌ಎನ್‌ಐ3, ಟಿಪಿಎಂ1, ಎಂವೈಎಲ್2, ಎಂವೈಎಲ್3, ಎಸಿಟಿಸಿ1. ಸಿಗುವ ದೋಷಗಳಲ್ಲಿ ಬಹುಪಾಲು ಮೊದಲಿನ ಎರಡರಲ್ಲೇ. ಎಂವೈಎಚ್7 ಈ ಕಾಯಿಲೆಗೆ ಗುರುತಾದ ಮೊದಲ ಜೀನ್ ಕೂಡ, 1990ರಲ್ಲಿ. ಇವುಗಳ ಜೊತೆಗೆ ವೇಷ ಹಾಕಿ ಬರುವ ಬೇರೆ ಕಾಯಿಲೆಗಳ ಜೀನ್‌ಗಳೂ ಇರಲೇಬೇಕು: ಫ್ಯಾಬ್ರಿ ಕಾಯಿಲೆಗೆ ಜಿಎಲ್‌ಎ, ಡ್ಯಾನನ್ ಕಾಯಿಲೆಗೆ ಎಲ್‌ಎಎಂಪಿ2, ತನ್ನದೇ ಹೆಸರಿನ ಕಾಯಿಲೆಗೆ ಪಿಆರ್‌ಕೆಎಜಿ2, ಅಮೈಲಾಯ್ಡ್‌ಗೆ ಟಿಟಿಆರ್. ಎಕೋದಲ್ಲಿ ಇವೆಲ್ಲ ಒಂದೇ ತರಹದ ದಪ್ಪ ಗೋಡೆಯಾಗಿ ಕಾಣಬಹುದು. ಚಿಕಿತ್ಸೆ ಮಾತ್ರ ಬೇರೆ ಬೇರೆ. ಫ್ಯಾಬ್ರಿ, ಡ್ಯಾನನ್ ಎರಡೂ ಎಕ್ಸ್ ಕ್ರೋಮೋಸೋಮಿನಲ್ಲಿ ಸಾಗುವಂಥವು, ಹಾಗಾಗಿ ಮೇಲಿನ ಶೇ. 50ರ ಲೆಕ್ಕವೂ ಅಲ್ಲಿ ಬೇರೆಯಾಗುತ್ತದೆ: ತಂದೆಯಿಂದ ಎಲ್ಲ ಹೆಣ್ಣುಮಕ್ಕಳಿಗೂ ಹೋಗುತ್ತದೆ, ಒಬ್ಬ ಗಂಡುಮಗನಿಗೂ ಹೋಗುವುದಿಲ್ಲ. ಈ ಹನ್ನೆರಡರ ಆಚೆಗೆ ಇನ್ನಷ್ಟು ಉಪಯುಕ್ತ ಜೀನ್‌ಗಳಿವೆ, ನಿಜ. ಆದರೆ ಪಟ್ಟಿ ಬೆಳೆದಷ್ಟೂ ಉತ್ತರ ಹೆಚ್ಚುವುದು ಅಲ್ಪ, ಗೊಂದಲ ಹೆಚ್ಚುವುದು ಬಹಳ.

ಆ ಗೊಂದಲದ ಹೆಸರು ವಿಯುಎಸ್. ರಿಪೋರ್ಟಿನಲ್ಲಿ ಪ್ರತಿ ಬದಲಾವಣೆಗೂ ಐದು ದರ್ಜೆಯಲ್ಲಿ ಒಂದನ್ನು ಕೊಟ್ಟಿರುತ್ತಾರೆ: ರೋಗಕಾರಕ, ಬಹುಶಃ ರೋಗಕಾರಕ, ಅರ್ಥ ಸ್ಪಷ್ಟವಿಲ್ಲದ್ದು, ಬಹುಶಃ ನಿರುಪದ್ರವಿ, ನಿರುಪದ್ರವಿ. ನಡುವಿನದೇ ವಿಯುಎಸ್. ಮೊದಲ ಎರಡು ದರ್ಜೆ ಇದ್ದರೆ ಮಾತ್ರ ಬಂಧುಗಳನ್ನು ಟೆಸ್ಟಿಗೆ ಕರೆಯಬೇಕು. ವಿಯುಎಸ್ ಹಿಡಿದುಕೊಂಡು ‘ನಿನಗೂ ಇದೆ, ನಿನಗಿಲ್ಲ’ ಎಂದು ಮಕ್ಕಳನ್ನು ವಿಂಗಡಿಸುವುದು ಈ ಸೇವೆಯಲ್ಲಿ ನಡೆಯುವ ಅತಿ ದೊಡ್ಡ ಪ್ರಮಾದ. ನಮ್ಮ ಕಡೆಯವರಿಗೆ ವಿಯುಎಸ್ ಹೆಚ್ಚಾಗಿ ಬರಲು ಒಂದು ಕಾರಣವಿದೆ. ಹೋಲಿಸಿ ನೋಡುವ ಅಂತರರಾಷ್ಟ್ರೀಯ ಭಂಡಾರಗಳಲ್ಲಿ ಭಾರತೀಯರ ಜೀನೋಮ್‌ಗಳು ಬಹಳ ಕಾಲ ಕಡಿಮೆಯಿದ್ದವು, ನಮ್ಮಲ್ಲಿ ಸಾಮಾನ್ಯವಾದದ್ದೂ ಅಲ್ಲಿ ಅಪರೂಪವೆನಿಸುತ್ತಿತ್ತು. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುಂದಾಳಾಗಿದ್ದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್ ಓದಿ ಮುಗಿಸಿದೆ. ಇಂಥ ದತ್ತಾಂಶ ಬಳಕೆಗೆ ಬಂದಂತೆ ಹಳೆಯ ವಿಯುಎಸ್‌ಗಳ ದರ್ಜೆ ಬದಲಾಗುತ್ತದೆ. ಆದ್ದರಿಂದ ಲ್ಯಾಬನ್ನು ಕೇಳಿ: ಎರಡು ಮೂರು ವರ್ಷದ ನಂತರ ಅದೇ ದತ್ತಾಂಶವನ್ನು ಮತ್ತೆ ವಿಶ್ಲೇಷಿಸಿ ಕೊಡುತ್ತೀರಾ, ಅದಕ್ಕೆ ಬೇರೆ ಶುಲ್ಕವೇ, ಕಚ್ಚಾ ಫೈಲುಗಳನ್ನು ನಮ್ಮ ಕೈಗೆ ಕೊಡುತ್ತೀರಾ? ಉತ್ತರ ಬಾಯಿಮಾತಲ್ಲಿ ಬೇಡ, ಇಮೇಲ್‌ನಲ್ಲಿ ಪಡೆಯಿರಿ.

ದಕ್ಷಿಣ ಏಷ್ಯಾದವರು ಗಮನಿಸಬೇಕಾದ ಇನ್ನೊಂದು ವಿಷಯ ಇದಕ್ಕಿಂತಲೂ ಸೂಕ್ಷ್ಮ. ಎಂವೈಬಿಪಿಸಿ3 ಜೀನ್‌ನ ಒಂದು ಕಡೆ 25 ಅಕ್ಷರಗಳು ಉದುರಿಹೋಗಿರುವ ಬದಲಾವಣೆ ನಮ್ಮ ಭಾಗದ ಜನರಲ್ಲಿ ಸುಮಾರು ನೂರಕ್ಕೆ ನಾಲ್ವರಲ್ಲಿದೆ. 2009ರಲ್ಲಿ ಭಾರತೀಯ ವಿಜ್ಞಾನಿಗಳ ತಂಡ ಇದನ್ನು ಹೃದಯ ವೈಫಲ್ಯದ ಅಪಾಯದೊಂದಿಗೆ ಜೋಡಿಸಿ ಪ್ರಕಟಿಸಿದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಇಂದಿಗೂ ರಿಪೋರ್ಟಿನಲ್ಲಿ ಈ ಸಾಲು ಕಂಡರೆ ಮನೆಮಂದಿ ಕುಸಿದು ಕೂರುತ್ತಾರೆ. ಆದರೆ 2020ರ ಮರುಪರಿಶೀಲನೆ ಬೇರೆ ಚಿತ್ರ ಕೊಟ್ಟಿತು: ಎಚ್‌ಸಿಎಂ ಮಟ್ಟಿಗೆ ಅಪಾಯದ ಹೆಚ್ಚಿನ ಪಾಲು 25 ಅಕ್ಷರದ ಕೊರತೆಯದ್ದಲ್ಲ, ಅದನ್ನು ಹೊತ್ತ ಕೆಲವರಲ್ಲಿ ಮಾತ್ರ ಜೊತೆಗೆ ಸಾಗುವ ಸಿ.1224-52ಜಿ>ಎ ಎಂಬ ಇನ್ನೊಂದು ದೋಷದ್ದು. ತೊಡಕೇನೆಂದರೆ, ಈ ಎರಡನೆಯದು ಜೀನ್‌ನ ಮುಖ್ಯ ಭಾಗದ ಅಂಚಿನಿಂದ 52 ಅಕ್ಷರ ಆಚೆಗಿದೆ. ಅಂಚಿನಾಚೆ ಹತ್ತಿಪ್ಪತ್ತು ಅಕ್ಷರದಷ್ಟೇ ಓದುವ ಪ್ಯಾನೆಲ್ ಇದನ್ನು ನೋಡುವುದೇ ಇಲ್ಲ. ಅಂದರೆ ಅಷ್ಟೇನೂ ಅಪಾಯವಿಲ್ಲದ ಸಾಲು ಕೆಂಪಕ್ಷರದಲ್ಲಿ ಅಚ್ಚಾಗಿ, ಅಪಾಯದ ಸಾಲು ಕಾಣೆಯಾದ ರಿಪೋರ್ಟ್ ಕೈಗೆ ಬರಬಹುದು. ದುಡ್ಡು ಕಟ್ಟುವ ಮೊದಲು ‘ಸಿ.1224-52ಜಿ>ಎ ನಿಮ್ಮ ಪ್ಯಾನೆಲ್‌ನಲ್ಲಿ ಓದಲಾಗುತ್ತದೆಯೇ’ ಎಂದು ಇಷ್ಟೇ ಪದಗಳಲ್ಲಿ ಕೇಳಿ. ತಡಬಡಾಯಿಸುವ ಲ್ಯಾಬ್ ಬೇಡ. ಇನ್ನೂ ಎರಡು ಪ್ರಶ್ನೆ ಜೊತೆಗಿರಲಿ: ಪ್ರತಿ ಅಕ್ಷರವನ್ನು ಕನಿಷ್ಠ 20 ಸಲ ಓದಿದ ಭಾಗ ಶೇಕಡಾ ಎಷ್ಟು, ಜೀನ್‌ನ ದೊಡ್ಡ ತುಂಡೇ ಬಿದ್ದುಹೋಗಿದ್ದರೆ ಹಿಡಿಯುತ್ತೀರಾ?

ಬಾಯಿಗೆ ಕಡ್ಡಿ ಹಾಕಿ ಪೂರ್ವಜರು ಯಾರು, ಚರ್ಮ ಎಂಥದು, ಕಾಫಿ ಜೀರ್ಣವಾಗುತ್ತದೆಯೇ ಎಂದೆಲ್ಲ ಹೇಳುವ ‘ವೆಲ್‌ನೆಸ್’ ಕಿಟ್‌ಗಳನ್ನು ಈ ಕೆಲಸಕ್ಕೆ ಲೆಕ್ಕಕ್ಕೇ ಹಿಡಿಯಬೇಡಿ. ಅವು ಆಯ್ದ ಕೆಲವು ಚುಕ್ಕೆಗಳನ್ನು ನೋಡುತ್ತವೆ, ಜೀನ್ ಓದುವುದಿಲ್ಲ.

ರಕ್ತಕ್ಕಿಂತ ಮೊದಲು ಮತ್ತು ರಕ್ತದ ಜೊತೆಗೆ ಆಗಬೇಕಾದದ್ದು ವಂಶವೃಕ್ಷ. ಒಳ್ಳೆಯ ಜೆನೆಟಿಕ್ ಕೌನ್ಸೆಲರ್ ಮೂರು ತಲೆಮಾರು ಬರೆದುಕೊಳ್ಳುತ್ತಾರೆ. ಐದೇ ನಿಮಿಷದಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿ ಕಳಿಸುವ ಸೇವೆಗೆ ಅಂಕ ಕಡಿಮೆ. ನಮ್ಮಲ್ಲಿ ದಿಢೀರ್ ಸಾವೆಲ್ಲಕ್ಕೂ ‘ಹಾರ್ಟ್ ಅಟ್ಯಾಕ್’ ಎಂಬ ಒಂದೇ ಹೆಸರು. ಕೇಳಬೇಕಾದದ್ದು ಹೀಗೆ: ಹೋದಾಗ ವಯಸ್ಸೆಷ್ಟು? ಏನು ಮಾಡುತ್ತಿದ್ದರು? ಕೆರೆಯಲ್ಲಿ ಈಜು ಬಲ್ಲವನೇ ಮುಳುಗಿದ್ದು, ಕಬಡ್ಡಿ ಆಡುತ್ತ ಕುಸಿದದ್ದು, ಎದುರಿಗೆ ಗಾಡಿಯಿಲ್ಲದೆ ಬೈಕು ರಸ್ತೆ ಬಿಟ್ಟದ್ದು, ‘ಫಿಟ್ಸ್’ ಎಂದು ವರ್ಷಗಟ್ಟಲೆ ಮಾತ್ರೆ ನುಂಗಿದ್ದು, ಪೇಸ್‌ಮೇಕರ್ ಹಾಕಿಸಿದ್ದು ಎಲ್ಲವನ್ನೂ ಬರೆಸಿ. ಹಳೆಯ ಸಂಗತಿಗಳು ಅಪ್ಪನಿಗಿಂತ ಅತ್ತೆಯಂದಿರಿಗೆ ಚೆನ್ನಾಗಿ ನೆನಪಿರುತ್ತವೆ, ಅವರಿಗೂ ಒಂದು ಫೋನ್ ಮಾಡಿ.

ಹಳೆ ಮೈಸೂರು ಕಡೆಯ ಮನೆಗಳಲ್ಲಿ ವೃಕ್ಷದ ಗೆರೆ ಸುತ್ತಿ ಬಂದು ತನ್ನನ್ನೇ ಮುಟ್ಟುವುದುಂಟು, ಸೋದರಮಾವನಿಗೆ ಅಕ್ಕನ ಮಗಳನ್ನು ಕೊಟ್ಟಿರುತ್ತಾರೆ. ಲೆಕ್ಕ ನೋಡಿ. ಮಾವನಲ್ಲಿ ದೋಷವಿದ್ದರೆ ಅಕ್ಕನಲ್ಲಿರುವ ಸಾಧ್ಯತೆ ಅರ್ಧ, ಅವಳ ಮಗಳಲ್ಲಿ ಕಾಲು. ಗಂಡ ಹೆಂಡತಿ ಇಬ್ಬರಲ್ಲೂ ಇದ್ದರೆ ಪ್ರತಿ ಮಗುವಿಗೂ ಎರಡೂ ಕಡೆಯಿಂದ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದೇ ಪ್ರತಿ ಬಂದವರು ಅರವತ್ತು ದಾಟಿಯೂ ಆರಾಮಾಗಿರಬಹುದು, ಎರಡೂ ಪ್ರತಿ ಕೆಟ್ಟ ಮಗುವಿಗೆ ಹಸುಗೂಸಿನಲ್ಲೇ ಹೃದಯ ಸೋಲಬಹುದು. ಆದ್ದರಿಂದ ಇಂಥ ಸಂಬಂಧದ ದಂಪತಿಗೆ ಒಬ್ಬರ ಟೆಸ್ಟ್ ಸಾಲದು. ಅರ್ಜಿಯಲ್ಲಿ ‘ರಕ್ತಸಂಬಂಧದ ಮದುವೆ’ ಎಂಬ ಚೌಕವನ್ನು ನಾಚಿಕೆಯಿಂದ ಖಾಲಿ ಬಿಡುವವರು ರಿಪೋರ್ಟನ್ನು ತಾವೇ ಕೆಡಿಸಿಕೊಳ್ಳುತ್ತಾರೆ.

ಇನ್ನು ಪ್ಯಾಕೇಜಿನ ಇನ್ನೊಂದು ಕಾಲು ಎಕೋ. ಜೀನ್ ಟೆಸ್ಟ್ ಮಾಡಿಸಿ ಎಕೋ ಬಿಡುವುದು ಜಾತಕ ಬರೆಸಿ ಹುಡುಗನನ್ನೇ ನೋಡದಿದ್ದಂತೆ. ಜೀನ್ ಇದ್ದರೂ ಕಾಯಿಲೆ ಯಾವಾಗ ಶುರುವಾಗುತ್ತದೆ, ಶುರುವಾಗುತ್ತದೆಯೇ ಎಂಬುದನ್ನು ಆ ಕಾಗದ ಹೇಳುವುದಿಲ್ಲ. ಅಣ್ಣನಲ್ಲಿ ದೋಷ ಸಿಗದಿದ್ದರೆ ಅಥವಾ ಸಿಕ್ಕದ್ದು ವಿಯುಎಸ್ ಆದರೆ ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು ಎಲ್ಲರಿಗೂ ಇಸಿಜಿ ಮತ್ತು ಎಕೋವೇ ಗತಿ. ಅಮೆರಿಕದ ಹೃದ್ರೋಗ ಸಂಘಟನೆಗಳ ಮಾರ್ಗಸೂಚಿಯಂತೆ ವಯಸ್ಕರಿಗೆ 3ರಿಂದ 5 ವರ್ಷಕ್ಕೊಮ್ಮೆ, ಮಕ್ಕಳಿಗೆ 2ರಿಂದ 3 ವರ್ಷಕ್ಕೊಮ್ಮೆ. ಜೀನ್ ದೋಷ ಗೊತ್ತಿರುವ ಮನೆಯಲ್ಲಿ ಅಥವಾ ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ಕಂಡ ಮನೆಯಲ್ಲಿ ಮಕ್ಕಳಿಗೆ 1ರಿಂದ 2 ವರ್ಷಕ್ಕೊಮ್ಮೆ.

ಎಕೋ ಬರೆಸುವಾಗ ಚೀಟಿಯಲ್ಲಿ ‘ಎಚ್‌ಸಿಎಂ ಕುಟುಂಬದ ತಪಾಸಣೆ’ ಎಂದು ಸ್ಪಷ್ಟವಾಗಿ ಇರಲಿ. ಇಲ್ಲದಿದ್ದರೆ ಮಾಸ್ಟರ್ ಚೆಕಪ್ ಧಾಟಿಯಲ್ಲಿ ಮೂರು ನಿಮಿಷ ನೋಡಿ ‘ಇಎಫ್ 65, ನಾರ್ಮಲ್’ ಎಂದು ಬರೆದುಕೊಡುತ್ತಾರೆ. ಇಎಫ್ ಅಂದರೆ ಎಡ ಹೃತ್ಕುಕ್ಷಿ ಪ್ರತಿ ಬಡಿತಕ್ಕೂ ತನ್ನಲ್ಲಿರುವ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರದಬ್ಬುತ್ತದೆ ಎಂಬ ಲೆಕ್ಕ. ಈ ಕಾಯಿಲೆಯಲ್ಲಿ ಅದು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಕೆಲವರಲ್ಲಿ ಅಗತ್ಯಕ್ಕಿಂತ ಚೆನ್ನಾಗಿ. ರಿಪೋರ್ಟಿನಲ್ಲಿ ಹುಡುಕಬೇಕಾದದ್ದು ಗೋಡೆಯ ಗರಿಷ್ಠ ದಪ್ಪ, ಬುಡ, ನಡು, ತುದಿ ಮೂರೂ ಕಡೆ ಅಳೆದದ್ದು. ವಯಸ್ಕರಲ್ಲಿ 15 ಮಿಲಿಮೀಟರ್ ಇದ್ದರೆ ಎಚ್‌ಸಿಎಂ, ಮನೆಯಲ್ಲಿ ಆಗಲೇ ಒಬ್ಬರಿಗೆ ಇದ್ದರೆ 13 ಸಾಕು. ಮಕ್ಕಳಿಗೆ ಮಿಲಿಮೀಟರ್ ನಡೆಯದು, ಮೈಯಳತೆಗೆ ಹೊಂದಿಸಿದ ಝಡ್ ಸ್ಕೋರ್ ಬೇಕು. ರಕ್ತ ಹೊರಹೋಗುವ ದಾರಿಯಲ್ಲಿ ಒತ್ತಡದ ವ್ಯತ್ಯಾಸವನ್ನು ಮಲಗಿದ್ದಾಗ ಮಾತ್ರ ಅಳೆದು ಬಿಡುತ್ತಾರೆ. ಉಸಿರು ಬಿಗಿಹಿಡಿದು ಮುಕ್ಕಿಸಿ, ಎದ್ದು ನಿಲ್ಲಿಸಿ ಅಳೆದರೆ ಮಾತ್ರ ತಡೆ ಕಾಣುವವರು ಬಹಳ ಮಂದಿ. ಈ ಒತ್ತಡದ ವ್ಯತ್ಯಾಸ 30 (ಬಿಪಿಯಂತೆ ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ) ದಾಟಿದರೆ ತಡೆಯಿದೆ ಎಂದರ್ಥ, 50 ದಾಟಿ ಮಾತ್ರೆಗೆ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಅಳತೆ ತಪ್ಪುವುದೂ ಉಂಟು. ಎಕೋ ಕಿರಣ ಓರೆಯಾಗಿ ಬಿದ್ದರೆ 11 ಇದ್ದದ್ದು 14 ಆಗಿ ಕಾಣುತ್ತದೆ. ಬಲಗಡೆಯ ಸ್ನಾಯುಪಟ್ಟಿಯನ್ನು ಗೋಡೆಯ ಜೊತೆ ಸೇರಿಸಿ ಅಳೆದರೂ ಅಷ್ಟೆ. ಇದಕ್ಕೆ ತದ್ವಿರುದ್ಧವಾಗಿ, ತುದಿಯಲ್ಲಷ್ಟೇ ದಪ್ಪವಿರುವ ಬಗೆಯನ್ನು ಎಕೋ ತಪ್ಪಿಸಿಕೊಂಡುಬಿಡುತ್ತದೆ. ಇಸಿಜಿಯಲ್ಲಿ ಟಿ ಅಲೆಗಳು ಆಳವಾಗಿ ತಲೆಕೆಳಗಾಗಿದ್ದು ಎಕೋ ‘ನಾರ್ಮಲ್’ ಎಂದರೆ ಅದನ್ನು ನಂಬಿ ಮನೆಗೆ ಹೋಗಬೇಡಿ, ಹೃದಯದ ಎಂಆರ್‌ಐ ಕೇಳಿ.

ರಿಪೋರ್ಟ್ ಬಂದ ಮೇಲೆ ಆಗುವ ಅತಿರೇಕಗಳಿಗೂ ಬೆಲೆ ಕಟ್ಟಬೇಕಾಗಿದೆ. ಜೀನ್ ಇದೆ, ಎಕೋ ಶುದ್ಧ ಎಂದಾದರೆ ಮಾತ್ರೆ ಬೇಡ, ಆಟ ನಿಲ್ಲಿಸುವುದೂ ಸಾಮಾನ್ಯವಾಗಿ ಬೇಡ. ಜೀನ್ ಇದೆ ಎಂಬ ಒಂದೇ ಕಾರಣಕ್ಕೆ ಐಸಿಡಿ (ಮಿಡಿತ ಅಪಾಯಕ್ಕೆ ತಿರುಗಿದರೆ ಶಾಕ್ ಕೊಟ್ಟು ಸರಿಪಡಿಸುವ ಉಪಕರಣ) ಕೂರಿಸುವುದಂತೂ ಸಲ್ಲದು. ಆ ತೀರ್ಮಾನ ನಿಲ್ಲುವುದು ಬೇರೆ ಸಂಗತಿಗಳ ಮೇಲೆ: 30 ಮಿಲಿಮೀಟರ್ ಮುಟ್ಟಿದ ಗೋಡೆ, ಕಾರಣ ತಿಳಿಯದ ಪ್ರಜ್ಞೆತಪ್ಪುವಿಕೆ, ಹತ್ತಿರದ ಬಂಧು 50ರೊಳಗೆ ದಿಢೀರ್ ತೀರಿಕೊಂಡದ್ದು, ಹೋಲ್ಟರ್‌ನಲ್ಲಿ (ದಿನವಿಡೀ ಮೈಗೆ ಅಂಟಿಸಿಡುವ ಇಸಿಜಿ) ಕಂಡ ವೇಗದ ಮಿಡಿತದ ಸರಣಿ, ತುದಿಯಲ್ಲಿ ಉಬ್ಬು, ಇಎಫ್ 50ಕ್ಕಿಂತ ಇಳಿದದ್ದು, ಎಂಆರ್‌ಐಯಲ್ಲಿ ಹರಡಿದ ಗಾಯದ ಕಲೆ.

ಯಾವ ಲ್ಯಾಬಿನ ಕೌನ್ಸೆಲಿಂಗ್‌ನಲ್ಲೂ ಸಾಕಷ್ಟು ಒತ್ತಿ ಹೇಳದ ಒಂದು ವಿಷಯ ಇಲ್ಲಿರಲಿ. ನಮ್ಮ ಮನೆಗಳಲ್ಲಿ ಎದೆನೋವೆಂದರೆ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಎಂಬ ನೈಟ್ರೇಟ್ ಮಾತ್ರೆ ಇಡುವ ರೂಢಿ. ತಡೆಯಿರುವ ಎಚ್‌ಸಿಎಂನಲ್ಲಿ ಅದು ರಕ್ತನಾಳ ಸಡಿಲಿಸಿ, ತಡೆಯನ್ನು ಬಿಗಿಮಾಡಿ, ಬಿಪಿ ಕುಸಿಯುವಂತೆ ಮಾಡಬಹುದು. ಬಿಪಿಗೆಂದು ಕೊಡುವ ಆಮ್ಲೋಡಿಪಿನ್ ಕೂಡ ಇದೇ ತೊಂದರೆ ಕೊಡಬಲ್ಲದು. ವಾಂತಿಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದರೂ ತಡೆ ಹೆಚ್ಚುತ್ತದೆ. ‘ತಡೆಯಿರುವ ಎಚ್‌ಸಿಎಂ, ನೈಟ್ರೇಟ್ ಬೇಡ’ ಎಂದು ಬರೆದ ಚೀಟಿ ಪರ್ಸಿನಲ್ಲಿದ್ದರೆ ಹಳ್ಳಿಯ ಕ್ಲಿನಿಕ್ಕಿನಲ್ಲೂ ಕೆಲಸಕ್ಕೆ ಬರುತ್ತದೆ.

ವಿಮೆಯ ವಿಷಯದಲ್ಲಿ ಈ ಕಾಯಿಲೆಗೆ ಒಂದು ಇತಿಹಾಸವೇ ಇದೆ. 2018ರಲ್ಲಿ ದೆಹಲಿ ಹೈಕೋರ್ಟ್, ಜೆನೆಟಿಕ್ ಕಾಯಿಲೆ ಎಂಬ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವುದು ತಾರತಮ್ಯ ಎಂದಿತು. ಆ ಮೊಕದ್ದಮೆಯಲ್ಲಿದ್ದ ಕಾಯಿಲೆ ಎಚ್‌ಸಿಎಂ. ಆದರೂ ಜೀನ್ ತಾರತಮ್ಯ ತಡೆಯುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಅರ್ಜಿಯಲ್ಲಿ ಕೇಳಿದ್ದನ್ನು ಮುಚ್ಚಿಡಬೇಡಿ, ಆಮೇಲೆ ಕ್ಲೇಮ್ ಬೀಳುವುದು ಹೆಚ್ಚಾಗಿ ಅದೇ ನೆಪದಲ್ಲಿ. ಅಮೆರಿಕದಲ್ಲಿರುವ ನಮ್ಮವರಿಗೆ 2008ರ ಕಾಯ್ದೆ ಆರೋಗ್ಯ ವಿಮೆ ಮತ್ತು ನೌಕರಿಗೆ ರಕ್ಷಣೆ ಕೊಡುತ್ತದೆ, ಜೀವ ವಿಮೆಗೆ ಕೊಡುವುದಿಲ್ಲ. ಆ ಪಾಲಿಸಿಯ ಯೋಚನೆಯಿದ್ದರೆ ಟೆಸ್ಟಿಗಿಂತ ಮುಂಚೆ ಯೋಚಿಸಲಿ.

ಹೊರದೇಶದ ಬಂಧುಗಳಿಗೆ ಕಳಿಸುವಾಗ ರಿಪೋರ್ಟಿನ ಮೊದಲ ಪುಟದ ಫೋಟೊ ಸಾಲದು. ಜೀನ್‌ನ ಹೆಸರು, ಎನ್‌ಎಂನಿಂದ ಶುರುವಾಗುವ ಟ್ರಾನ್ಸ್‌ಕ್ರಿಪ್ಟ್ ಸಂಖ್ಯೆ, ದೋಷ ಯಾವ ಜಾಗದಲ್ಲಿ ಏನೆಂದು ಹೇಳುವ ‘ಸಿ.’ ಮತ್ತು ‘ಪಿ.’ ಸಾಲು, ದರ್ಜೆ, ದಿನಾಂಕ ಇಷ್ಟೂ ಇರುವ ಪುಟ ಬೇಕು. ಇಲ್ಲದಿದ್ದರೆ ಅಲ್ಲಿನ ಲ್ಯಾಬ್ ಆ ಒಂದು ಜಾಗವನ್ನು ಹುಡುಕಲಾರದೆ ಮತ್ತೆ ಪೂರ್ತಿ ಪ್ಯಾನೆಲ್ ಬಿಲ್ಲು ಹಾಕುತ್ತದೆ. ‘ಕುಟುಂಬ ಪತ್ರ’ ಎಂದು ಇದನ್ನೇ ಒಂದು ಪುಟದಲ್ಲಿ ಬರೆದುಕೊಡುವ ಲ್ಯಾಬಿಗೆ ಒಂದು ಅಂಕ ಜಾಸ್ತಿ.

ಒಟ್ಟು ಅಂಕ: ಕಾಯಿಲೆ ಇರುವವರಿಂದ ಶುರುಮಾಡಿ, ಕೌನ್ಸೆಲರ್ ಮತ್ತು ಎಕೋ ಜೊತೆಗೂಡಿ ಕೊಂಡರೆ ಐದಕ್ಕೆ ನಾಲ್ಕು. ಹೆದರಿದ ತಮ್ಮ ಒಬ್ಬನೇ ಆನ್‌ಲೈನಿನಲ್ಲಿ ಕೊಂಡರೆ ಒಂದು. ಕಾಯಿಲೆ ಇದ್ದವರು ಈಗಿಲ್ಲ ಎನ್ನುವ ಮನೆಗಳಿಗೆ ಇನ್ನೊಂದು ದಾರಿಯಿದೆ: ತೀರಿಕೊಂಡವರ ರಕ್ತವನ್ನೇ ಮೊದಲ ಸ್ಯಾಂಪಲ್ ಆಗಿ ಉಳಿಸಿಕೊಳ್ಳುವುದು. 40ರೊಳಗಿನ ದಿಢೀರ್ ಸಾವಿನಲ್ಲಿ ಪೋಸ್ಟ್‌ಮಾರ್ಟಂ ಆಗುತ್ತಿದ್ದರೆ ಹೃದಯದ ತೂಕ ಮತ್ತು ಗೋಡೆಯ ದಪ್ಪ ಬರೆಯಲು, 5ರಿಂದ 10 ಎಂಎಲ್ ರಕ್ತವನ್ನು ಇಡಿಟಿಎ ಟ್ಯೂಬಿನಲ್ಲಿ ಶೈತ್ಯದಲ್ಲಿಡಲು ಆಗಲೇ ಕೇಳಿಕೊಳ್ಳಬೇಕು. ಫಾರ್ಮಲಿನ್‌ನಲ್ಲಿ ಮುಳುಗಿಸಿಟ್ಟ ತುಂಡಿನಿಂದ ಡಿಎನ್‌ಎ ಸರಿಯಾಗಿ ಬರುವುದಿಲ್ಲ.